ಮೂರು ಗಂಟೆಗೆ ಓದಿದ ಏಳು ಗಂಟೆಯ ವಾರ್ತೆ

ಸಂಜೆ ಏಳರ ವಾರ್ತೆಯನ್ನು ಚೈತ್ರಾ ಮಧ್ಯಾಹ್ನ ಮೂರಕ್ಕೇ ಓದಿ ಮುಗಿಸುತ್ತಿದ್ದಳು. ಹದಿನಾಲ್ಕು ವರ್ಷದಿಂದ ಹಾಗೇ. ರಾಮನಗರದ ಆ ಕೇಬಲ್ ಚಾನೆಲ್ಲಿಗೆ ಇದ್ದದ್ದು ಒಂದೇ ಕ್ಯಾಮೆರಾ. ಮಾಲೀಕ ಮುನಿಕೃಷ್ಣ ನಾಲ್ಕಾಗುತ್ತಲೇ ಅದನ್ನು ಕಾರಿಗೆ ಹಾಕಿಕೊಂಡು ಚನ್ನಪಟ್ಟಣವೋ ಕನಕಪುರವೋ, ಆರತಕ್ಷತೆ ಎಲ್ಲಿದ್ದರೆ ಅಲ್ಲಿಗೆ ವಿಡಿಯೋ ತೆಗೆಯಲು ಹೊರಟುಬಿಡುತ್ತಿದ್ದ. ಹಾಗಾಗಿ ಸಂಜೆ ಐದಕ್ಕೆ ನಡೆಯುವ ಸಮಾರಂಭ ಕೂಡ ಅವಳ ಬಾಯಲ್ಲಿ ಮೂರಕ್ಕೇ ನಡೆದುಹೋಗಿರುತ್ತಿತ್ತು. ಬೆಳಿಗ್ಗೆ ಬಂದ ಆಹ್ವಾನ ಪತ್ರಿಕೆಯೇ ಸುದ್ದಿ. ಗಣ್ಯರು ದೀಪ ಬೆಳಗಿದರು, ಸಾರ್ವಜನಿಕರು ಹರ್ಷ ವ್ಯಕ್ತಪಡಿಸಿದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಏಕೆಂದರೆ ಇಷ್ಟು ವರ್ಷ ಗಣ್ಯರು ತಡವಾಗಿಯಾದರೂ ಬಂದಿದ್ದರು.

ಈ ಸಲ ಬರಲಿಲ್ಲ. ರೇಷ್ಮೆ ನೂಲು ತೆಗೆಯುವ ರೀಲರುಗಳ ಬೀದಿಯಲ್ಲಿ ಕುಡಿಯುವ ನೀರಿನ ಘಟಕ ಉದ್ಘಾಟನೆಯಾಯಿತು, ಮಹಿಳೆಯರು ಕೊಡ ತುಂಬಿಕೊಂಡು ನಲಿದರು ಎಂದು ಸೋಮವಾರ ಅವಳು ನಗುನಗುತ್ತಾ ಓದಿದ್ದಳು. ಬುಧವಾರ ಬೆಳಿಗ್ಗೆ ಅಮೀರುನ್ನೀಸಾ ಅವಳ ಮನೆ ಬಾಗಿಲಿಗೇ ಬಂದು ನಿಂತಳು. ನೂಲು ಬಿಚ್ಚುವ ಕೆಲಸದವಳು. ಇಡೀ ದಿನ ಬಿಸಿನೀರಿನಲ್ಲಿ ರೇಷ್ಮೆಗೂಡು ತಡಕಿ ತಡಕಿ ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿದ್ದವು.

"ನಲಿದ್ರು ಅಂದ್ರಲ್ಲಾ ಅಮ್ಮಾ, ಯಾರು ನಲಿದಿದ್ದು? ಆ ಮಿಷಿನ್‌ಗೆ ಬೀಗ ಹಂಗೇ ಐತೆ."

ಚೈತ್ರಾ ಬಾಗಿಲು ಪೂರ್ತಿ ತೆರೆದಳು. "ಒಳಗೆ ಬನ್ನಿ, ಕಾಫಿ ಕುಡೀರಿ" ಎಂದಳು.

"ಕಾಫಿ ಇರ್ಲಿ. ದಿನಾ ಬತ್ತಿದ್ದ ಟ್ಯಾಂಕರ್ ನಿಂತೋಯ್ತು. ಕೇಳಿದ್ರೆ ವಾರ್ಡಿನ ಲೀಡರು ಫೋನಲ್ಲಿ ನಿಮ್ಮ ವಿಡಿಯೋನೇ ತೋರಿಸ್ತಾರೆ. ನೋಡ್ರಮ್ಮಾ, ನೀರು ಬಂದೈತೆ ಅಂತ ನ್ಯೂಸಲ್ಲೇ ಹೇಳವ್ರೆ, ಇನ್ನ ಟ್ಯಾಂಕರ್ ಯಾಕೆ ಅಂತಾರೆ. ನಾವು ಎಷ್ಟು ಬಾಯಿ ಬಡ್ಕೊಂಡ್ರೂ ನಿಮ್ಮ ಮಾತೇ ಮೇಲು."

ಹದಿನಾಲ್ಕು ವರ್ಷದಲ್ಲಿ ತನ್ನ ಮಾತು ಮೇಲೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮದುವೆಮನೆಗಳಲ್ಲಿ "ನ್ಯೂಸ್ ಚೈತ್ರಾ ಬಂದ್ಲು" ಎನ್ನುತ್ತಿದ್ದರು, ಸೀರೆ ಯಾವ ಅಂಗಡಿಯದೆಂದು ಕೇಳುತ್ತಿದ್ದರು. ಓದಿದ್ದೇನೆಂದು ಕೇಳಿದವರಿಲ್ಲ. ಕೊನೆಗೆ ಆ ಮಾತು ಕೇಳಿಸಿಕೊಂಡದ್ದೂ ಹೀಗೆ.

ಅಂದೇ ಮುನಿಕೃಷ್ಣನ ಮುಂದೆ ಕೂತಳು. "ಅಣ್ಣಾ, ತಪ್ಪಾಗಿದೆ ಅಂತ ಒಂದು ಸಾಲು ಓದ್ತೀನಿ."

"ಏನು ತಪ್ಪು? ಇವತ್ತಲ್ಲ ನಾಳೆ ರಿಬ್ಬನ್ ಕಟ್ ಮಾಡೇ ಮಾಡ್ತಾರೆ. ಆಗ ನೀನು ಓದಿದ್ದು ನಿಜ ಆಯ್ತದೆ. ಒಸಿ ತಡ್ಕೊಳಮ್ಮಾ."

"ಅಲ್ಲೀತನಕ ಅವ್ರು ಏನು ಕುಡೀಬೇಕು?"

"ಅದನ್ನ ನನ್ನ ಕೇಳ್ತೀಯಲ್ಲ! ನಾನೇನು ಬೋರ್‌ವೆಲ್ಲಾ?"

ಆದರೂ ಅವಳು ವಾರ್ತೆಯ ಕೊನೆಗೆ ಆ ಸಾಲು ಸೇರಿಸಿ ಓದಿದಳು. ಸಂಜೆ ಮನೆಯಲ್ಲಿ ಟೀವಿ ಹಾಕಿಕೊಂಡು ಕೂತರೆ, ಪರದೆಯಲ್ಲಿ ಆ ಸಾಲಿಗೆ ಅವಳು ಬಾಯಿ ತೆರೆಯುತ್ತಿದ್ದಂತೆ ಫರ್ನಿಚರ್ ಅಂಗಡಿಯ ಜಾಹೀರಾತು ಬಂತು. "ಏನೋ ಹೇಳೋಕೆ ಹೋದೆಯಲ್ಲೇ, ನುಂಗ್ಬುಟ್ಟೆ" ಎಂದರು ಅತ್ತೆ. ಚೈತ್ರಾ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ಹುಡುಗಿಯಾಗಿದ್ದಾಗ ಸೋಲೂರಿನ ಮನೆಯಲ್ಲಿ ಕನ್ನಡಿ ಮುಂದೆ ನಿಂತು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಪಳಗಿಸಿಕೊಂಡ ದನಿ ಅದು. ಯಾರದೋ ಕತ್ತರಿಗೆ ಸಿಗಲೆಂದು ಪಳಗಿಸಿದ್ದಲ್ಲ.

ಮಾರನೆಯ ದಿನ, ಮಾರುಕಟ್ಟೆಯಿಂದ ಬಂದ ರೇಷ್ಮೆಗೂಡಿನ ರೇಟಿನ ಚೀಟಿ ಕೈಗೆತ್ತಿಕೊಂಡಾಗ ಅವಳಿಗೊಂದು ಉಪಾಯ ಹೊಳೆಯಿತು. ವಾರ್ತೆಯಲ್ಲಿ ಯಾರೂ ಕತ್ತರಿ ಆಡಿಸದ ಭಾಗವೆಂದರೆ ಇದೊಂದೇ. ಒಂದು ರೇಟು ಬಿಟ್ಟುಹೋದರೂ ಊರಿನ ರೀಲರುಗಳೆಲ್ಲ ಫೋನ್ ಮಾಡಿ ಬೈಯುತ್ತಾರೆಂದು, ಎಡಿಟಿಂಗ್ ಮಾಡುವ ಸಾಬೀರ್ ಅದನ್ನು ಕೇಳಿಸಿಕೊಳ್ಳುವ ಗೋಜಿಗೂ ಹೋಗದೆ ಇದ್ದಂತೆಯೇ ಅಂಟಿಸುತ್ತಿದ್ದ. ಮುನಿಕೃಷ್ಣ ಫೋನಿನಲ್ಲಿ ಯಾರಿಗೋ ಛತ್ರದ ದಾರಿ ಕೇಳುತ್ತಿದ್ದ. ಚೈತ್ರಾ ದ್ವಿತಳಿ ಗೂಡಿನ ರೇಟು ಓದಿದಳು. ಅದೇ ಉಸಿರಿನಲ್ಲಿ, ಅದೇ ರಾಗದಲ್ಲಿ, "ರೀಲರುಗಳ ಬೀದಿಯ ನೀರಿನ ಘಟಕಕ್ಕೆ ಇಂದಿಗೂ ಬೀಗ, ಸೋಮವಾರ ನಾನು ಓದಿದ್ದು ತಪ್ಪು" ಎಂದಳು. ಆಮೇಲೆ ಮಿಶ್ರತಳಿಯ ರೇಟು.

ಆ ಸಂಜೆ ಅದು ಹಾಗೇ ಪ್ರಸಾರವಾಯಿತು. ಫೋನ್‌ಗಳೂ ಬಂದವು. "ಮಧ್ಯೆ ಏನೇನೋ ಮಾತಾಡಿದ್ರಿ, ಮಿಶ್ರತಳಿ ಎಷ್ಟು ಅಂದ್ರಿ ಮೇಡಂ?" ಒಂಬತ್ತು ಮಂದಿ ಕೇಳಿದ್ದು ಅಷ್ಟೇ. ಅವಳಿಗೆ ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಅಮೀರುನ್ನೀಸಾಳ ಫೋನು ಬಂತು. ಮಗಳು ನಿಖಾತ್ ರಾತ್ರಿಯ ಮರುಪ್ರಸಾರದಲ್ಲಿ ಟೀವಿಗೆ ಮೊಬೈಲ್ ಹಿಡಿದು ಆ ಮಾತನ್ನು ತುಂಬಿಕೊಂಡಿದ್ದಳಂತೆ. ತಾಯಿ ಮಗಳು ಹೋಗಿ ಲೀಡರಿಗೆ ತೋರಿಸಿದರಂತೆ. "ಟ್ಯಾಂಕರ್ ಬಂತಮ್ಮಾ. ಎಷ್ಟು ದಿನಕ್ಕೋ ಅಲ್ಲಾನೇ ಬಲ್ಲ."

ಲೀಡರು ಆಗಲೇ ಮುನಿಕೃಷ್ಣನಿಗೂ ಫೋನ್ ಮಾಡಿಯಾಗಿತ್ತು. ಮೂರಕ್ಕೆ ಹೋದಾಗ ಮೇಜಿನ ಮೇಲೆ ಚೀಟಿ ಸಿದ್ಧವಾಗಿತ್ತು: ನಿನ್ನೆ ನಮ್ಮ ವಾರ್ತಾವಾಚಕಿ ಬಾಯಿತಪ್ಪಿ ಆಡಿದ ಮಾತಿಗೆ ವಿಷಾದಿಸುತ್ತೇವೆ, ಘಟಕದಲ್ಲಿ ನೀರು ಬರುತ್ತಿದೆ.

"ಓದು."

"ಬೀಗ ತೆಗ್ದವ್ರಾ?"

"ಓದಮ್ಮಾ, ತಲೆ ತಿನ್ಬೇಡ."

"ನಾನು ಓದಲ್ಲ ಅಣ್ಣಾ. ನೀವೇ ಕೂತ್ಕಳಿ. ಕ್ಯಾಮೆರಾ ನಾನು ಹಿಡೀತೀನಿ."

ಮುನಿಕೃಷ್ಣ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಅಂಗಿಯ ಗುಂಡಿ ಹಾಕಿಕೊಂಡು, "ಏನ್ ಮಹಾ ಬ್ರಹ್ಮವಿದ್ಯೆ ಇದು" ಎಂದು ಕುರ್ಚಿಯಲ್ಲಿ ಕುಳಿತ. ದೀಪ ಹಚ್ಚುತ್ತಿದ್ದಂತೆ ಅವನ ಹಣೆಯಲ್ಲಿ ಬೆವರೊಡೆಯಿತು. ಮೊದಲ ಸಲ ವಿಷಾದ ಎನ್ನುವಲ್ಲೇ ನಾಲಿಗೆ ತೊಡರಿತು. ಎರಡನೆಯ ಸಲ ಕಣ್ಣು ಚೀಟಿ ಬಿಟ್ಟು ಮೇಲೇಳಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಮಾಡತೊಡಗಿದ. ಗಂಟೆ ನಾಲ್ಕು ದಾಟಿತ್ತು. ಮೂರನೆಯ ಸಲ ಅವನು ಒಂದೂ ತಪ್ಪಿಲ್ಲದೆ ಓದಿ ಮುಗಿಸಿದ.

"ಬಂತಾ?"

ಚೈತ್ರಾ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವನ ಒದ್ದೆ ಮುಖ ನೋಡಿದಳು. ಬೆರಳು ಅಳಿಸುವ ಗುಂಡಿಯ ಮೇಲಿತ್ತು.

"ಇಲ್ಲಣ್ಣಾ," ಎಂದಳು, ಗುಂಡಿ ಒತ್ತುತ್ತಾ. "ರೆಕಾರ್ಡೇ ಆಗಿಲ್ಲ."

ಆ ಕೋಣೆಯಲ್ಲಿ ಅವಳು ಸಾವಿರಾರು ಸುಳ್ಳು ಓದಿದ್ದಳು. ಇದೊಂದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಮುನಿಕೃಷ್ಣ ಚೀಟಿಯನ್ನು ಮುದುರಿ ಬಿಸಾಕಿ, "ನಾಳೆ ನೋಡ್ಕೊತೀನಿ ನಿನ್ನ" ಎಂದು ಸ್ಟ್ಯಾಂಡಿನಿಂದ ಕ್ಯಾಮೆರಾ ಕಿತ್ತುಕೊಂಡು ಹೊರಟ. ನಾಳೆ ಆ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿಯಾನು, ಟ್ಯಾಂಕರೂ ನಿಂತೀತು. ಕ್ಯಾಮೆರಾ ಹೋದ ಮೇಲೆ ಇವತ್ತಂತೂ ಏಳಕ್ಕೆ ಆ ವಿಷಾದ ಬರುವಂತಿರಲಿಲ್ಲ, ಓದುವುದಕ್ಕೂ ಏನೂ ಉಳಿದಿರಲಿಲ್ಲ.