ಅಂಚಿನ ಸಾಲಿನ ತೆನೆ

ಭತ್ತ ಸಂಶೋಧನಾ ಕೇಂದ್ರದ ನಿರ್ದೇಶಕರು ವರದಿಯನ್ನು ಮೊದಲು ಬರೆದು ಪೈರನ್ನು ಆಮೇಲೆ ನೆಡಿಸುವ ಪೈಕಿ. ಚಳಿ ಸೀಮೆಯಲ್ಲಿ ಸಸಿಯ ಬುಡದಿಂದ ತೆಂಡೆ, ಅಂದರೆ ಮರಿಗವಲು, ಒಡೆಯುವುದು ಕಡಿಮೆ, ಅದಕ್ಕೆ ಒತ್ತಾಗಿ ನೆಡಬೇಕು ಎಂದು ಅವರು ಎಲ್ಲೋ ಓದಿದ್ದರು. ಮಾತು ಸುಳ್ಳಲ್ಲ. ಹಾಗೆಂದು ಉಪ್ಪು ರುಚಿಯೆಂದು ಯಾರಾದರೂ ಬೊಗಸೆಗಟ್ಟಲೆ ಸುರಿಯುತ್ತಾರೆಯೇ? ಗೇಣಿನ ಅಂತರ ನಾಲ್ಕು ಬೆರಳಿಗೆ ಇಳಿಯಿತು.

ನೆಡುವವಳು ನಾಟಿಯಕ್ಕ. ಇಪ್ಪತ್ತು ವರ್ಷದಿಂದ ಅದೇ ಗದ್ದೆ, ವರ್ಷವರ್ಷವೂ ಹೊಸ ಗುತ್ತಿಗೆ ಆದೇಶ. ಮುಂದಿನ ವರ್ಷದ್ದಕ್ಕೆ ಈ ಕೊಯ್ಲಿನ ದಿನ ಸಹಿ ಬೀಳಬೇಕಿತ್ತು.

"ಸಾಹೇಬ್ರೇ, ಚಳಿ ಅಂತ ಒಂದೇ ಕಂಬಳೀಲಿ ಹತ್ತು ಜನ ಮಲಗಿದ್ರೆ ಬೆಚ್ಚಗೇನೋ ಆಗುತ್ತೆ. ಉಸಿರಾಡೋದು ಹೇಗೆ?"

"ನೀನು ನೆಡಮ್ಮ. ಯೋಚನೆ ಮಾಡೋಕೆ ನಾನಿದೀನಿ," ಎಂದರು ಅವರು, ಬೂಟಿಗೆ ಕೆಸರು ತಾಗದಂತೆ ಬದುವಿನ ಮೇಲೆ ನಿಂತು. ಕೇಂದ್ರದ ಹನ್ನೆರಡು ಗುಮಾಸ್ತರು ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದರು. ಅಷ್ಟೇ ದೊಡ್ಡ ಇನ್ನೊಂದು ಕೋಣೆ ಸಾಹೇಬರೊಬ್ಬರಿಗೇ. ಜಾಗ ಸಿಕ್ಕರೆ ಜೀವ ಹೇಗೆ ಹರಡಿಕೊಳ್ಳುತ್ತದೆ ಎಂಬುದಕ್ಕೆ ಅವರ ಹೊಟ್ಟೆಯೇ ಸಾಕ್ಷಿ.

ನಾಟಿಯ ನೀರು ಬೆರಳು ಕಚ್ಚುತ್ತಿತ್ತು. ಆ ಹನ್ನೆರಡು ಜನರಲ್ಲೊಬ್ಬ, ಬೆಳೆ ತೂಗುವ ತೂಕದ ಗುಮಾಸ್ತ, ದಿನವೂ ಬದುವಿನ ಮೇಲೊಂದು ಬಿಸಿನೀರಿನ ಬಕೆಟ್ ಇಟ್ಟು, ತನಗೂ ಅದಕ್ಕೂ ಸಂಬಂಧವೇ ಇಲ್ಲದವನಂತೆ ಹೋಗಿಬಿಡುತ್ತಿದ್ದ. ನಾಟಿಯಕ್ಕ ಅದರಲ್ಲಿ ಕೈ ಅದ್ದಿ ಮತ್ತೆ ಇಳಿಯುತ್ತಿದ್ದಳು.

ಪೈರು ಜಮಖಾನ ಹಾಸಿದಂತೆ ಬಂತು. ಸಾಹೇಬರು ಫೋಟೋ ತೆಗೆಸಿಕೊಂಡರು. ಒಳಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಕೊಯ್ಲಿನ ದಿನ ಊರೂರಿನ ರೈತರು ಬಂದರು. ಅಂಚಿನ ಸಾಲು ಬಿಟ್ಟು ನಡುವಿನದ್ದನ್ನೇ ಕೊಯ್ದು ತೂಗಬೇಕೆಂಬುದು ಕೇಂದ್ರದ ನಿಯಮ. ಒಂದು ಮಗ್ಗುಲು ಖಾಲಿಯಿರುವ ಅಂಚಿನ ಸಾಲು ಹೇಗೂ ಕೊಬ್ಬಿರುತ್ತದೆ.

"ಅಂಚಿಂದೇ ಕೊಯ್ಯಿ," ಸಾಹೇಬರು ಪಿಸುಗುಟ್ಟಿದರು. "ನಿನ್ನ ಆದೇಶ ಇನ್ನೂ ನನ್ನ ಮೇಜಿನ ಮೇಲಿದೆ."

ನಾಟಿಯಕ್ಕ ಕುಡುಗೋಲು ಹಿಡಿದು ನಡುಗದ್ದೆಗೇ ಹೋದಳು. ಸಾಹೇಬರು ಗಾಬರಿಬಿದ್ದು, ಬದುವಿನಿಂದಲೇ ಕೈಚಾಚಿ ಅಂಚಿನದೊಂದು ತೆನೆ ಕಿತ್ತು ಎತ್ತಿ ಹಿಡಿದರು. "ನೋಡಿ, ಒತ್ತು ನಾಟಿಯ ಮಹಿಮೆ!"

ರೈತರ ಗುಂಪಿನ ಅಜ್ಜಿಯೊಬ್ಬರು ಅದನ್ನು ಉಜ್ಜಿ ನೋಡಿದರು. "ಕಾಳು ತುಂಬಿದೆ. ಮಗಳೇ, ಒಳಗಿಂದೂ ಒಂದು ಕೊಡು."

ನಾಟಿಯಕ್ಕ ಕೊಟ್ಟಳು. ಅಜ್ಜಿ ಉಜ್ಜಿ ಉಫ್ ಎಂದು ಊದಿದರು. ಅಂಗೈಯಲ್ಲಿ ಉಳಿದದ್ದು ನಾಲ್ಕು ಕಾಳು. ಜೊಳ್ಳೆಲ್ಲ ಸಾಹೇಬರ ಕೋಟಿನ ಮೇಲೆ.

"ಅದಕ್ಕೆ ಜಾಗ ಇತ್ತು, ಇದಕ್ಕಿರಲಿಲ್ಲ, ಅಷ್ಟೇ ಅಜ್ಜಿ," ಎಂದಳು ನಾಟಿಯಕ್ಕ.

ನಗೆ ಬದುವಿನುದ್ದಕ್ಕೂ ಹರಿಯಿತು. ಅಜ್ಜಿ ಮಾತ್ರ ನಗಲಿಲ್ಲ. ನಾಟಿಯಕ್ಕನ ಮುಖದ ಅಳುಕು ಕಂಡು, ಎಲ್ಲರಿಗೂ ಕೇಳುವಂತೆ, "ಬರೋ ವರ್ಷ ಇವಳ ಕೈಯ ನಾಟಿ ನೋಡೋಕೇ ಬರ್ತೀವಿ ಸ್ವಾಮಿ," ಎಂದರು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ!" ಎಂದರು ಸಾಹೇಬರು, ಕೋಟು ಕೊಡವುತ್ತ.

ಸಂಜೆ ಸಹಿಯಾದ ಆದೇಶವನ್ನು ತೂಕದ ಗುಮಾಸ್ತನೇ ತಂದುಕೊಟ್ಟ. ಜೊತೆಗೆ ಹೊಸ ಸುತ್ತೋಲೆ: ಗೇಣಿನ ಅಂತರ, ನಿರ್ದೇಶಕರ ಸ್ವಂತ ಶೋಧನೆ.

"ಯಾರ ಗೇಣು ಅಂತ ಬರೆದಿಲ್ವಲ್ಲಕ್ಕ?"

ನಾಟಿಯಕ್ಕ ಒಡೆದ ಬೆರಳುಗಳನ್ನು ಅಗಲಿಸಿ ತೋರಿಸಿದಳು. "ನಂದೇ ಕಣಪ್ಪ. ಅವರು ಕೆಸರಿಗೆ ಇಳಿಯೋರಲ್ಲವಲ್ಲ."