ಹೆಬ್ಬೆರಳಿನ ಕುಳಿ

ಸುತ್ತಿಗೆಯ ಹೊಸ ಮರದ ಕಾವಿನ ವಾರ್ನಿಷ್ ವಾಸನೆ, ಮೂಗಿಗೇ ಅಂಟಿಕೊಂಡುಬಿಡುವಂಥದ್ದು, ಅಪ್ಪನ ಸುತ್ತಿಗೆಗೆ ಇದೆಲ್ಲಿತ್ತು, ಅದಕ್ಕಿದ್ದದ್ದು ಬೆವರಿನ ವಾಸನೆ, ಬೀಡಿಯದು, ಮರದ ಹೊಟ್ಟಿನದು — ಅವನು ಸುತ್ತಿಗೆಯನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟ, ಇನ್ನೊಂದನ್ನು ಎತ್ತಿಕೊಂಡ, ಇದೂ ನುಣ್ಣಗೆ, ಇದೂ ಯಾರ ಕೈಯನ್ನೂ ಕಂಡಿಲ್ಲ. ಶೆಡ್ಡು ಎಷ್ಟು ದೊಡ್ಡದು ಯಜಮಾನ್ರೇ, ಅಂಗಡಿಯವನು ಕೇಳುತ್ತಿದ್ದಾನೆ, ಕೋಳಿಗಾ ಕಾರಿಗಾ, ಅದರ ಮೇಲೆ ಗರಗಸ ಹೇಳ್ತೀನಿ. ಕೋಳಿಗಪ್ಪಾ, ಹಿತ್ತಲಲ್ಲಿ, ನಾಲ್ಕು ಕಂಬ, ಮೇಲೊಂದು ತಗಡು. ಅಷ್ಟಕ್ಕೆ ಇಷ್ಟು ಹೊತ್ತಾ, ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ. ನೋಡಬೇಕು, ನೋಡದೆ ಹೇಗೆ, ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದು ಇಳಿಯುತ್ತಾನೆ, ನಿನ್ನೆ ಫೋನಿನಲ್ಲಿ ಆ ದನಿಯಲ್ಲಿ ಎಂಥ ಹಿಗ್ಗು, ಶೆಡ್ಡು ತಾನೇ, ನಾನೇ ಬಂದು ನಿಲ್ಲಿಸ್ತೀನಿ ಬಿಡೋ, ಹತಾರ ಏನೂ ತರಲ್ಲ, ಅಪ್ಪನ ಪೆಟ್ಟಿಗೆ ನಿನ್ನ ಹತ್ರಾನೇ ಇದೆಯಲ್ಲ, ಅದನ್ನ ಇನ್ನೊಂದು ಸಲ ಕೈಯಲ್ಲಿ ಹಿಡೀಬೇಕು ಕಣೋ. ಇದೆ ಕಣಣ್ಣ, ಬಾ, ಅಂದುಬಿಟ್ಟ, ನಾಲಿಗೆ ತಾನಾಗಿ ಅಂದುಬಿಟ್ಟಿತು, ಫೋನಿಟ್ಟ ಮೇಲೆ ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು, ಎಲ್ಲಿದೆ ರೀ, ಅಂದಳು.

ಎಲ್ಲಿದೆ. ಹಳೇ ಕಬ್ಬಿಣದವನ ಗಾಡಿಯಲ್ಲಿ ಹೋಯಿತು, ತುಕ್ಕು ತಿಂದ ಗರಗಸ, ಬಾಚಿ, ಉಳಿ, ಸುತ್ತಿಗೆ, ಎಲ್ಲ ಒಟ್ಟಿಗೆ, ಬದಲಿಗೆ ಬಂದದ್ದು ಒಂದು ಅಲ್ಯೂಮಿನಿಯಂ ಬೋಗುಣಿ, ಅದರಲ್ಲೇ ಈಗ ಕೋಳಿ ನೀರು ಕುಡಿಯುವುದು — ಅಣ್ಣ ಬಂದರೆ ಮೊದಲು ಕಾಣುವುದೂ ಅದೇ, ಅಂಗಳದ ನಡುವೆ ಥಳಥಳ. ತಾನಾದರೂ ಏನು ಮಾಡುವುದಿತ್ತು ಆ ಪೆಟ್ಟಿಗೆಯಿಂದ, ಅಪ್ಪ ಎಡಚ, ಅಣ್ಣ ಎಡಚ, ಮನೆಗೆ ತಾನೊಬ್ಬನೇ ಬಲಗೈಯವನು, ಇವನನ್ನ ಆಸ್ಪತ್ರೇಲಿ ಬದಲಾಯಿಸಿಬಿಟ್ರು ಕಣೇ, ಎಂದು ಅಪ್ಪ ಅಮ್ಮನನ್ನು ಛೇಡಿಸುತ್ತಿದ್ದ, ಬಾಚಿಯ ಬಾಯಿ ಮಸೆದದ್ದು ಎಡಗೈಗೆ, ಸುತ್ತಿಗೆಯ ಕಾವು ಸವೆದದ್ದು ಎಡಗೈಗೆ, ಹೆಬ್ಬೆರಳು ಕೂತು ಕೂತು ಅಲ್ಲೊಂದು ಕುಳಿ, ಹುಣಿಸೇಬೀಜ ಹಿಡಿಸುವಷ್ಟು, ತಾನು ಹಿಡಿದರೆ ಆ ಕುಳಿ ಅಂಗೈಯೊಳಗೆ ಸುಮ್ಮನೆ ಖಾಲಿ ಬಿದ್ದಿರುತ್ತಿತ್ತು. ಆದರೂ ಅಪ್ಪ ಹೋದ ಮೇಲೆ ಪಾಲಿನ ದಿನ ತನ್ನದೇ ಹಟ, ಹಿಂದಿನ ಕೋಣೆ ನಿನಗೆ ಬಂತಲ್ಲ, ಪೆಟ್ಟಿಗೆ ನನಗೆ, ಪಾಲು ಅಂದರೆ ಪಾಲು. ಎಲ್ಲರೂ ಅಣ್ಣನ ಮುಖ ನೋಡಿದರು, ಅನ್ನ ದುಡಿಯುವ ಕೈ ಅವನದು. ಅಣ್ಣ ಸುತ್ತಿಗೆಯನ್ನು ಒಮ್ಮೆ ಎತ್ತಿದ, ಹೆಬ್ಬೆರಳು ತಾನೇ ಹೋಗಿ ಕುಳಿಯಲ್ಲಿ ಕೂತಿತು, ಮತ್ತೆ ಮೆಲ್ಲಗೆ ಒಳಗಿಟ್ಟು ಮುಚ್ಚಳ ಹಾಕಿದ, ಇಟ್ಕೋ, ಎಲ್ಲಿದ್ರೂ ನಮ್ಮನೇಲೇ ಇರುತ್ತಲ್ಲ. ಆಮೇಲೆ ಕಂಟ್ರಾಕ್ಟರನ ಹತ್ತಿರ ತಾರಸಿ ಕಟ್ಟುವಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯಲು ಹೋದ, ಯಾರ್ಯಾರದೋ ಸುತ್ತಿಗೆ ಹಿಡಿದು, ಹೋದವನು ಪೆಟ್ಟಿಗೆಯ ಮಾತನ್ನು ನಿನ್ನೆಯವರೆಗೆ ಎತ್ತಲಿಲ್ಲ, ಒಮ್ಮೆ ಬೈದಿದ್ದರೂ ಆಗುತ್ತಿತ್ತು.

ಹಳೇದಿದ್ರೆ ತೋರಿಸಪ್ಪಾ, ಸ್ವಲ್ಪ ಬಳಸಿದ್ದು. ಅಂಗಡಿಯವನು ಕತ್ತೆತ್ತಿದ, ಹಳೇದಾ, ಎಲ್ರೂ ಹೊಸದು ಕೇಳ್ತಾರೆ, ಇದನ್ನೇ ತಗೊಂಡು ಹೋಗಿ, ಬಳಸಿದ್ರೆ ತಾನಾಗೇ ಹಳೇದಾಗುತ್ತೆ. ಬೂದಿ ತಿಕ್ಕಿದರೆ ವಾರ್ನಿಷ್ ಹೋದೀತು, ಮಣ್ಣಲ್ಲಿ ಹೊರಳಿಸಿದರೆ ಬಣ್ಣ ಮಾಸೀತು, ಕಾವು ಮುರಿದಿತ್ತು, ಬೇರೆ ಹಾಕಿಸಿದೆ ಅಂದರೆ, ಅಣ್ಣ ಹೂಂ ಅನ್ನುತ್ತಾನೆ, ಅವನು ಯಾವುದಕ್ಕೆ ಹೂಂ ಅಂದಿಲ್ಲ — ಆದರೆ ಕೈ, ಆ ಕೈಗೆ ಏನು ಹೇಳುವುದು. ಅವನು ಕೈಯಲ್ಲಿದ್ದ ಹೊಸ ಸುತ್ತಿಗೆಯನ್ನು ಎಡಗೈಗೆ ಬದಲಿಸಿದ. ಇದನ್ನೇ ಕಟ್ಲಾ ಯಜಮಾನ್ರೇ. ಕಣ್ಣ ಮುಂದೆ ಆಗಲೇ ಅಣ್ಣ ಹಿತ್ತಲಲ್ಲಿ ನಿಂತು ಮೊಳೆಯನ್ನು ತುಟಿಗಿಟ್ಟುಕೊಂಡು ಹಿಂದೆ ನೋಡದೆ ಕೈ ಚಾಚುತ್ತಾನೆ, ಕೊಡೋ, ತಾನು ಕೊಡುತ್ತಾನೆ, ಆ ಹೆಬ್ಬೆರಳು ಕಾವಿನ ಮೇಲೆ ಇಳಿಯುತ್ತದೆ, ಜಾರುತ್ತದೆ, ಮೇಲೆ ಹೋಗುತ್ತದೆ, ಮತ್ತೆ ಕೆಳಗೆ ಬರುತ್ತದೆ, ನುಣ್ಣನೆ ಮರದ ಮೇಲೆ ಆ ಹೆಬ್ಬೆರಳು, ಹುಡುಕುತ್ತಾ