ಹಾಸಿನ ಕೆಳಗಿನ ಚುಕ್ಕೆಗಳು

"ನನ್ನ ಚುಕ್ಕೆಗಳನ್ನ ಎಲ್ಲಿಗೆ ಕಳಿಸಿಬಿಟ್ಟೆ ಮಗಳೇ?" ಅಳತೆಗಾರ ಅಂಗೆಲ್ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದ. "ಇಗರ್ಜಿ ಸುತ್ತ ಮೊಣಕಾಲು ಸವೆಯೋ ಹಾಗೆ ಅಳೆದಿದ್ದೀನಿ. ಇಲ್ಲಿ ನೋಡಿದ್ರೆ ಒಂದೂ ಇಲ್ಲ."

"ಅಳೆದ್ರೋ, ಪಾದ್ರಿಗಳ ಹತ್ರ ಕೂತು ಪ್ಲಮ್ ಸಾರಾಯಿ ಕುಡಿದ್ರೋ, ಯಾರಿಗೆ ಗೊತ್ತು ಅಂಗೆಲಣ್ಣ?"

"ಕುಡಿದೆ. ಅಳೆದ ಮೇಲೆ."

ವೆಟೂರಿಯಾಳಿಗೆ ನಗು ಬಂತು. ಕೂಡಲೇ ನಾಚಿಕೆಯೂ ಆಯಿತು. ಗಂಡ ಲಿವಿಯು ತೀರಿಕೊಂಡು ಅಂದಿಗೆ ನಲವತ್ತನೆಯ ದಿನ, ಅವನ ಸ್ಮರಣೆಯ ಪೂಜೆ. ಅತ್ತೆ ಸೆವಾಸ್ಟಿಯ, ಮೊಮ್ಮಗಳು ಇಲಿಂಕಾಳ ಕೈ ಹಿಡಿದು, ಬೇಯಿಸಿದ ಗೋಧಿಯ ತಟ್ಟೆಯೊಂದಿಗೆ ಆಗಲೇ ಗುಡ್ಡದ ಮೇಲಿನ ಇಗರ್ಜಿಗೆ ಹೋಗಿದ್ದರು. ಈ ನಕ್ಷೆಯೊಂದನ್ನು ಕಳಿಸಿ ಅವಳೂ ಹೋಗಬೇಕಿತ್ತು.

ಉಪ್ಪು ತೆಗೆದು ತೆಗೆದು ಒಡಲು ಟೊಳ್ಳಾದ ಊರು ಅದು; ನೆಲ ಎಲ್ಲಾದರೂ ಇಳಿಯುತ್ತಿದೆಯೇ ಎಂದು ವಾರವಾರ ಅಳೆಯುತ್ತಿದ್ದರು. ಹೋದ ವಸಂತದ ಅಳತೆಗಳಿಂದ ನೆಲದ ಮೇಲ್ಮೈಯನ್ನು ಚೌಕುಳಿ ಬಲೆಯಾಗಿ ಹಾಸುವುದು, ಅದರ ಮೇಲೆ ಈ ವಾರದ ಅಳತೆಗಳನ್ನು ಕೆಂಪು ಚುಕ್ಕೆಗಳಾಗಿ ಇಡುವುದು: ಇಷ್ಟನ್ನೂ ಮಾಡುವ ಕಂಪ್ಯೂಟರ್ ಸ್ಕ್ರಿಪ್ಟನ್ನು ಅವಳೇ ಬರೆದಿದ್ದಳು. ನೋಡುವವರಿಗೆ ಚೆಂದ ಕಾಣಲೆಂದು ಬಲೆಯ ಕಣ್ಣುಗಳಿಗೆ ಒತ್ತಾಗಿ ಹಸಿರು ತುಂಬಿಸಿದ್ದಳು.

ಅಂಕಿಗಳ ಕಡತ ತೆರೆದು ನೋಡಿದಳು. ಇಗರ್ಜಿಯ ಅಳತೆಗಳೆಲ್ಲ ಅಲ್ಲೇ ಇದ್ದವು. ಸ್ಕ್ರಿಪ್ಟು ಯಾವ ತಪ್ಪನ್ನೂ ತೋರಿಸಲಿಲ್ಲ.

"ನಿನ್ನ ಹಸಿರು ಜಮಖಾನ ನುಂಗಿಹಾಕಿದೆ, ಬಿಡು" ಎಂದ ಅಂಗೆಲ್.

ವೆಟೂರಿಯಾ ನಕ್ಷೆಯ ಹಸಿರಿನತ್ತ ತಿರುಗಿದಳು. ಜಮಖಾನದ ಮೇಲಿದ್ದದ್ದು ಕಾಣುತ್ತದೆ. ಕೆಳಗೆ ಹೋದದ್ದು?

ಸ್ಕ್ರಿಪ್ಟಿನಲ್ಲಿ ಬಣ್ಣ ತುಂಬುವ ಸಾಲನ್ನು ಅಳಿಸಿ ಮತ್ತೆ ಓಡಿಸಿದಳು. ಹಸಿರು ಹೋಗಿ ಬರಿಯ ಎಳೆಗಳು ಉಳಿದವು. ಇಗರ್ಜಿಯ ಜಾಗದಲ್ಲಿ, ಎಳೆಗಳ ಅಡಿಯಲ್ಲಿ, ಚುಕ್ಕೆಗಳೆಲ್ಲ ಜೋಳಿಗೆಗೆ ಬಿದ್ದಂತೆ ತೂಗುತ್ತಿದ್ದವು.

ಅಂಗೆಲ್ ಶಿಲುಬೆಯ ಗುರುತು ಹಾಕಿಕೊಂಡ. "ನೆಲ ನಾಲ್ಕು ಬೆರಳು ಇಳಿದಿದೆ. ಅಳೆಯೋವಾಗ ನಂಗೆ ಬರೀ ಅಂಕಿ ಕಾಣ್ಸುತ್ತೆ ತಾಯಿ..."

"ಅಣ್ಣಾ, ಇಲಿಂಕಾ ಅಲ್ಲಿದ್ದಾಳೆ."

ಪೂಜೆಯ ಹೊತ್ತು, ಪಾದ್ರಿಗಳ ಫೋನು ಆಫ್ ಆಗಿತ್ತು. "ಅಗ್ನಿಶಾಮಕ ದಳದವರಿಗೆ ನಾನು ಹೇಳ್ತೀನಿ, ನೀನು ಓಡು!" ಎಂದ ಅಂಗೆಲ್.

ಗುಡ್ಡದ ದಾರಿಯಲ್ಲಿ ಓಡುತ್ತ ಅವಳು ನೆಲಕ್ಕೆ ಭಾರ ಬೀಳದಂತೆ ಕಾಲಿಡಲು ನೋಡಿದಳು. ಇಗರ್ಜಿ ಹತ್ತಿರವಾದಂತೆ ನೆಲವೇ ಉಸಿರು ಹಿಡಿದುಕೊಂಡಿದೆ ಅನಿಸಿತು. ದೇವಮಾತೆ, ಇನ್ನೊಂದು ಸ್ವಲ್ಪ ಹೊತ್ತು ಹಿಡಿದಿರು ತಾಯಿ.

ಒಳಗೆ ಜನ ಕಿಕ್ಕಿರಿದಿದ್ದರು. ಗೋಧಿಯ ತಟ್ಟೆಯನ್ನು ಎತ್ತಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು, ಸತ್ತವನ ಸ್ಮರಣೆಯನ್ನು ಹಾಡುತ್ತ ಎಲ್ಲರೂ ಓಲಾಡುತ್ತಿದ್ದರು. ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಇದ್ದದ್ದು ಒಂದೇ ಬಾಗಿಲು, ಅದೂ ಕಿರಿದು. ಇಷ್ಟು ಕಾಲುಗಳು ಒಮ್ಮೆಗೇ ಓಡಿದರೆ?

"ಗಂಡನ ನಲವತ್ತಕ್ಕೂ ತಡವೇನೇ?" ಸೆವಾಸ್ಟಿಯ ಹಲ್ಲು ಕಚ್ಚಿ ಅಂದರು.

ವೆಟೂರಿಯಾ ಪಾದ್ರಿ ನಿಕೋದಿಮರ ಕಿವಿಯ ಬಳಿ ಬಗ್ಗಿ ವಿಷಯ ಪಿಸುಗುಟ್ಟಿದಳು. ಅವರು ಅವಳ ಮುಖ ನೋಡಿದರು. ಹಾಡು ನಿಲ್ಲಲಿಲ್ಲ. ಧೂಪದ ಪಾತ್ರೆಯನ್ನು ಬೀಸುತ್ತಲೇ ಬಾಗಿಲ ಕಡೆ ತಿರುಗಿದರು.

"ತಟ್ಟೆ ಎತ್ಕೊಂಡು ಬನ್ನಿ. ನಿಧಾನ. ಮಿಕ್ಕಿದ್ದು ಕೆಳಗೆ, ಸಮಾಧಿ ಹತ್ರ."

"ಇದ್ಯಾವ ಪದ್ಧತಿ ಗುರುಗಳೇ?"

"ಇವತ್ತಿನ ಪದ್ಧತಿ ಸೆವಾಸ್ಟಿಯಮ್ಮ. ಹಾಡ್ತಾ ನಡೀರಿ."

ಓಲಾಡುತ್ತ, ಹಾಡುತ್ತ, ಗೊಣಗುತ್ತ ಜನ ಹೊರಗೆ ಹರಿದರು. ವೆಟೂರಿಯಾ ಎಲ್ಲರನ್ನೂ ಮುಂದೆ ಬಿಟ್ಟು, ಮಗಳನ್ನು ಅವಚಿಕೊಂಡು ಕೊನೆಗೆ ಹೊರಟಳು. ಮುಂದೆ ಹೊಸ್ತಿಲಲ್ಲಿ ತಟ್ಟೆ ವಾಲಿತು. ಗೋಧಿಯ ಮೇಲೆ ಶಿಲುಬೆಯಾಗಿ ಜೋಡಿಸಿದ್ದ ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳು ಚೆಲ್ಲಿದವು.

"ಅಮ್ಮಾ, ಅಪ್ಪನ ಸಕ್ಕರೆ!" ಇಲಿಂಕಾ ಕೈ ಚಾಚಿದಳು.

"ಬೇಡ ಪುಟ್ಟಿ."

ಹೊಸ್ತಿಲು ದಾಟಿ ಅವಳು ತಿರುಗಿ ನೋಡಿದಳು. ಚೌಕ ಹಾಸುಗಲ್ಲುಗಳ ಮೇಲೆ ಗುಂಡುಗಳು ಚದುರಿ ಬಿದ್ದಿದ್ದವು. ಒಂದು ಕ್ಷಣ ನಿಂತಿದ್ದವು. ಆಮೇಲೆ ಎಲ್ಲವೂ ಒಟ್ಟಿಗೆ, ಆತುರವಿಲ್ಲದೆ, ಇಗರ್ಜಿಯ ನಡುವೆ ಲಿವಿಯುವಿನ ಹೆಸರಲ್ಲಿ ಹಚ್ಚಿದ್ದ ಮೇಣದಬತ್ತಿ ಇನ್ನೂ ಉರಿಯುತ್ತಿದ್ದ ಕಡೆಗೆ ಉರುಳತೊಡಗಿದವು.